ಎರಡು ಸೇತುವೆಗಳ ನಡುವಿನ ಊರು

ರೈಲ್ವೆ ನೌಕರನಿಗೆ ಊರುಗಳ ಪರಿಚಯ ಆಗುವುದು ಕಿಟಕಿಯಿಂದ. ಪಾಸು ಇರುತ್ತದೆ, ರಜೆ ಇರುವುದಿಲ್ಲ. ರಜೆ ಸಿಕ್ಕಿತು ಅನ್ನುವಾಗ ಹೆಂಡತಿಯ ತವರಲ್ಲಿ ಒಂದು ಮದುವೆ ಗೊತ್ತಾಗಿರುತ್ತದೆ. ನಾನು ಇಡೀ ಕರ್ನಾಟಕ ನೋಡಿದ್ದೇನೆ ಎಂದರೆ ಅದೇನೂ ಸುಳ್ಳಲ್ಲ. ಆದರೆ ನೋಡಿದ್ದು ಬಹುಪಾಲು ಊರುಗಳ ಹಿತ್ತಲನ್ನು. ಒಣಹಾಕಿದ ಬಟ್ಟೆ, ಕಟ್ಟಿಹಾಕಿದ ಎಮ್ಮೆ, ತೊಳೆಯಲು ಹೊರಗಿಟ್ಟ ಪಾತ್ರೆ. ರೈಲು ಯಾವ ಊರಿಗೂ ಮುಂಬಾಗಿಲಿನಿಂದ ಹೋಗುವುದಿಲ್ಲ.

ಈ ಮಾತಿಗೆ ಅಪವಾದ ಶ್ರೀರಂಗಪಟ್ಟಣ. ಅಲ್ಲಿ ಹಳಿ ಹೋಗುವುದು ಕೋಟೆಯೊಳಗಿನಿಂದಲೇ. ಹುಬ್ಬಳ್ಳಿಯಿಂದ ಸಂಜೆ ಹೊರಟ ಹಂಪಿ ಎಕ್ಸ್‌ಪ್ರೆಸ್ಸು ಗದಗ, ಬಳ್ಳಾರಿ, ಗುಂತಕಲ್ಲು ಎಂದು ಆಂಧ್ರದ ನೀರನ್ನೂ ಕುಡಿದು, ಬೆಂಗಳೂರಿನಲ್ಲಿ ಮುಖ ತೊಳೆದು, ಬಿಸಿಲೇರುವ ಹೊತ್ತಿಗೆ ಕಾವೇರಿಯ ಒಂದು ಕವಲನ್ನು ದಾಟುತ್ತದೆ. ಗೋಡೆ, ಗೋಪುರ, ದೂರಕ್ಕೆ ಮಸೀದಿಯ ಮಿನಾರು, ಮತ್ತೆ ಗೋಡೆ, ಮತ್ತೆ ಸೇತುವೆ. ನಡುಗಡ್ಡೆ ಮುಗಿಯಿತು. ನನ್ನ ಹೆಂಡತಿ ಮೊದಲ ಸೇತುವೆಯ ಮೇಲೆ ಒಂದು ರೂಪಾಯಿ ಎಸೆಯುತ್ತಾಳೆ. ಎರಡನೆಯದರ ಮೇಲೆ ಇನ್ನೊಂದು. “ಎರಡೂ ಒಂದೇ ನದಿ ಅಲ್ಲೇನ, ಎರಡ್ ಸಲಾ ಯಾಕ?” ಎಂದು ನಾನು ಕೇಳಿದರೆ, “ಆಕಿ ಎರಡ್ ಕಡೆ ಹರಿಯೋ ತ್ರಾಸು ತಗೊಂಡಾಳ, ನಿಮಗ ಒಂದ್ ರೂಪಾಯಿ ಹೆಚ್ಚಾತೇನು?” ಎನ್ನುತ್ತಾಳೆ. ಕೊಳ್ಳೇಗಾಲದ ಕಡೆ ಮದುವೆಯಾಗಿ ಹೋದ ನಾದಿನಿಯಿಂದಾಗಿ ಈ ದಾರಿ ನಮಗೆ ಪಾಠವಾಗಿತ್ತು. “ಮುಂದಿನ ಸಲ ಇಲ್ಲೇ ಇಳಿಯೋಣು” ಎಂದು ಪ್ರತಿ ಸಲ ಅಂದುಕೊಳ್ಳುತ್ತಿದ್ದೆವು. ಹಾಗೆ ಅಂದುಕೊಳ್ಳುತ್ತಲೇ ನನಗೆ ನಿವೃತ್ತಿಯಾಯಿತು.

ನಾವು ಗೋಪನಕೊಪ್ಪದವರು. ಕೇಶ್ವಾಪುರ ದಾಟಿದರೆ ನಮ್ಮ ಓಣಿ. ಹೆಸರಿಗೆ ಹುಬ್ಬಳ್ಳಿ, ಬೆಳಗಿನ ಜಾವ ಕೋಳಿ ಕೂಗುವುದರಲ್ಲಿ ಇನ್ನೂ ಹಳ್ಳಿ. ನಡುಗಡ್ಡೆ ಎಂಬುದು ನಮಗೆ ದೂರದ ವಿಷಯ. ಉಣಕಲ್ ಕೆರೆಯ ನಡುವೆ ವಿವೇಕಾನಂದರು ನಿಂತಿರುವ ಜಾಗವೊಂದೇ ನಮ್ಮ ಕಡೆಯ ದ್ವೀಪ. ಬಿಟ್ಟರೆ ಮಳೆಗಾಲದಲ್ಲಿ ಎರಿಮಣ್ಣು ಕದಡಿ, ಹೊಸ ಲೇಔಟುಗಳ ಮನೆಗಳೆಲ್ಲ ಒಂದೊಂದು ದ್ವೀಪವಾಗುವುದುಂಟು. ಆಗ ನಾವು ಚಪ್ಪಲಿ ಕೈಯಲ್ಲಿ ಹಿಡಿದು ಹೊರಜಗತ್ತಿನ ಸಂಪರ್ಕ ಸಾಧಿಸುತ್ತೇವೆ.

ಇಂಥವರನ್ನು ಶ್ರೀರಂಗಪಟ್ಟಣದಲ್ಲಿ ಇಳಿಸಿದ್ದು ಚೀನಾದ ಒಂದು ದ್ವೀಪ.

ನನ್ನ ಅಣ್ಣನ ಮಗನಿಗೆ ಇಳಕಲ್ಲಿನ ಕೆಂಪು ಗ್ರಾನೈಟಿನ ವ್ಯಾಪಾರ. ಚೀನಾದ ಷಿಯಾಮೆನ್ ಊರಿನಲ್ಲಿ ಪ್ರತಿ ವರ್ಷ ಕಲ್ಲಿನ ದೊಡ್ಡ ಜಾತ್ರೆ ನಡೆಯುತ್ತದೆ. ಜಗತ್ತಿನ ಕಲ್ಲಿನ ವ್ಯಾಪಾರಿಗಳೆಲ್ಲ ಅಲ್ಲಿಗೆ ಹೋಗುತ್ತಾರೆ. ಇವನೂ ಹೋದ. ಕಲ್ಲು ನೋಡಿ ಬೇಸರ ಬಂದ ದಿನ ದೋಣಿ ಹತ್ತಿ ಎದುರಿನ ಗುಲಾಂಗ್ಯು ದ್ವೀಪಕ್ಕೆ ಹೋಗಿ ನನ್ನ ಮೊಬೈಲಿಗೆ ರಾಶಿ ರಾಶಿ ಫೋಟೋ ಕಳಿಸಿದ. ಎರಡು ಚದರ ಕಿಲೋಮೀಟರಿಗಿಂತ ಚಿಕ್ಕ ದ್ವೀಪ. ಕಾರಿಲ್ಲ, ಬೈಕಿಲ್ಲ, ಸಾಮಾನು ಸಾಗಿಸಲು ಕೈಗಾಡಿ. ಅಫೀಮು ಯುದ್ಧದ ನಂತರ 1843ರಲ್ಲಿ ಷಿಯಾಮೆನ್ ಬಂದರಿನ ಬಾಗಿಲು ಪರದೇಶದವರಿಗೆ ತೆರೆಯಿತು. ಬಂದವರು ಈ ದ್ವೀಪದ ಮೇಲೆ ಬಂಗಲೆ, ಕಚೇರಿ, ಚರ್ಚು ಕಟ್ಟಿಕೊಂಡು ಕೂತರು. 1903ರ ಹೊತ್ತಿಗೆ ಅದು ಹಲವು ದೇಶಗಳವರು ಸೇರಿ ಆಳುವ ವಸಾಹತಾಯಿತು. ಬಂಡೆಯ ಬುಡದಲ್ಲಿ ಬೌದ್ಧರ ಗುಡಿ, ಓಣಿಯಲ್ಲಿ ಕ್ಯಾಥೊಲಿಕ್ ಚರ್ಚು, ಇನ್ನೊಂದು ತಿರುವಿನಲ್ಲಿ ಪ್ರಾಟೆಸ್ಟಂಟರದು. ಮನೆಮನೆಯಲ್ಲೂ ಪಿಯಾನೋ ಇದ್ದ ಊರಂತೆ. ಈಗ ಪಿಯಾನೋಗಳದ್ದೇ ಒಂದು ವಸ್ತುಸಂಗ್ರಹಾಲಯವಿದೆ. ಸಮುದ್ರಕ್ಕೆ ಮುಖಮಾಡಿ ಝೆಂಗ್ ಚೆಂಗ್‌ಗಾಂಗ್ ಎಂಬ ಸೇನಾಪತಿಯ ದೊಡ್ಡ ವಿಗ್ರಹ. ತೈವಾನಿನಿಂದ 1662ರಲ್ಲಿ ಡಚ್ಚರನ್ನು ಓಡಿಸಿದವನು ಅವನು.

“ಕಾಕಾ, ಇಂಥಾದ್ದು ನಮ್ಮಲ್ಲಿ ಇಲ್ಲ ಬಿಡ್ರಿ” ಎಂದು ಕೆಳಗೆ ಬರೆದಿದ್ದ.

ಇಲ್ಲ ಬಿಡ್ರಿ ಎಂದರೆ ಬಿಡುವವನು ನಾನಲ್ಲ. ನದಿಯ ನಡುವೆ ಒಂದು ನಡುಗಡ್ಡೆ. ಅದರ ಮೇಲೆ ಗಂಗರ ಕಾಲದ ಗುಡಿ, ಸುಲ್ತಾನನ ಮಸೀದಿ, ಫ್ರೆಂಚ್ ಪಾದ್ರಿಯ ಚರ್ಚು, ಇಂಗ್ಲಿಷರ ಗೋರಿ, ಪರದೇಶದವರ ಎದುರು ನಿಂತ ಒಬ್ಬ ದೊರೆ. ಇನ್ನೇನು ಬೇಕಿತ್ತು ಇವನಿಗೆ? ಪಿಯಾನೋ ಒಂದು ಕಡಿಮೆ ಎನ್ನಬಹುದು. ಅದೂ ಇತ್ತು. ಮಲಗಿಸಿದ ಸಿಪಾಯಿಯ ಕತ್ತಿಗೆ ಬಾಯಿ ಹಾಕಿದ ಟಿಪ್ಪುವಿನ ಮರದ ಹುಲಿಯ ಪಕ್ಕೆ ತೆಗೆದರೆ ಒಳಗೆ ಒತ್ತಿ ನುಡಿಸುವ ಮಣೆಗಳಿವೆ, ಗಾಳಿಯ ಕೊಳವೆಗಳಿವೆ. 1799ರಲ್ಲಿ ಅರಮನೆ ಲೂಟಿಯಾದಾಗ ಸಿಕ್ಕ ಆ ವಾದ್ಯ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಅವರ ದ್ವೀಪಕ್ಕೆ ಎಲ್ಲೆಲ್ಲಿಂದಲೋ ಪಿಯಾನೋ ಬಂದವು, ನಮ್ಮ ದ್ವೀಪದಿಂದ ಇದ್ದೊಂದೂ ಹೋಯಿತು. ಇಷ್ಟನ್ನೂ ಬರೆದು ಕಳಿಸಿದೆ. ಅವನು ಒಂದೇ ಸಾಲಿನಲ್ಲಿ ಮುಗಿಸಿದ: ಗುಲಾಂಗ್ಯು 2017ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿದೆ, ನಿಮ್ಮದು?

ನಮ್ಮದು 2014ರಿಂದ ತಾತ್ಕಾಲಿಕ ಪಟ್ಟಿಯಲ್ಲಿದೆ. ಹೆಂಡತಿಗೆ ಇದನ್ನು ವಿವರಿಸಿದೆ. ಯಾವ ಸ್ಮಾರಕವಾದರೂ ಮೊದಲು ತಾತ್ಕಾಲಿಕ ಪಟ್ಟಿಗೆ ಬರಬೇಕು, ಆಮೇಲೆ ಕಡತ ಸಿದ್ಧವಾಗಬೇಕು, ತಜ್ಞರು ಬಂದು ನೋಡಬೇಕು, ಸಮಿತಿ ಕೂಡಬೇಕು.

“ಅಂದ್ರ ವೇಟಿಂಗ್ ಲಿಸ್ಟ್ ಅನ್ರಿ” ಎಂದಳು. ಮೂವತ್ತು ವರ್ಷ ರೈಲ್ವೆಯವನ ಜೊತೆ ಬಾಳಿದವಳು. ಅದೇ ವರ್ಷ ಅದೇ ಪಟ್ಟಿ ಸೇರಿದ್ದ ಬೇಲೂರು, ಹಳೇಬೀಡು, ಸೋಮನಾಥಪುರಗಳಿಗೆ 2023ರಲ್ಲಿ ಬರ್ತು ಕನ್‌ಫರ್ಮ್ ಆಯಿತು. ಶ್ರೀರಂಗಪಟ್ಟಣ ಇನ್ನೂ ಬಾಗಿಲ ಬಳಿ ಗಂಟುಮೂಟೆ ಇಟ್ಟುಕೊಂಡು ನಿಂತಿದೆ.

ಆ ಸಿಟ್ಟಿಗೆ ಹೊರಟೆವು. ಖಟಕ ರೊಟ್ಟಿ, ಶೇಂಗಾ ಚಟ್ನಿ, ಮಾವಿನ ಉಪ್ಪಿನಕಾಯಿ ಕಟ್ಟಿಕೊಂಡು ಹುಬ್ಬಳ್ಳಿ ಸ್ಟೇಷನ್ನಿಗೆ ಹೋದರೆ ನಮ್ಮ ಬೋಗಿ ಪ್ಲಾಟ್‌ಫಾರ್ಮಿನ ಆ ತುದಿಗೆ. 1507 ಮೀಟರ್ ಉದ್ದ, ಜಗತ್ತಿನಲ್ಲೇ ಇಷ್ಟುದ್ದದ ಪ್ಲಾಟ್‌ಫಾರ್ಮು ಇನ್ನೊಂದಿಲ್ಲ. ಮೊಣಕಾಲು ನೋವಿನ ಹೆಂಡತಿ ಅದರ ಮೇಲೆ ನಡೆಯುತ್ತ, “ಇನ್ನ ಸ್ವಲ್ಪ ಉದ್ದ ಮಾಡಿದ್ರ ಮೈಸೂರಿಗೆ ರೈಲೇ ಬೇಕಾಗ್ತಿರಲಿಲ್ಲ” ಎಂದಳು.

ಶ್ರೀರಂಗಪಟ್ಟಣದ ಆಟೋದವನು ನಮ್ಮ ಮುಖ ನೋಡುವ ಮೊದಲೇ ಮಾತು ಹಿಡಿದ. “ಹುಬ್ಳಿ ಕಡೇರಾ? ಮಾತ್ನಲ್ಲೇ ಗೊತ್ತಾಯ್ತದೆ ಬುಡಿ. ಕುತ್ಕಳಿ ಅಮ್ಮ. ಎಂಟು ಪಾಯಿಂಟ್ ತೋರುಸ್ತೀನಿ.” ನಡುಗಡ್ಡೆ ಸುಮಾರು 13 ಚದರ ಕಿಲೋಮೀಟರು. ಸಾವಿರ ವರ್ಷದ ಚರಿತ್ರೆ. ಅದು ಅವನ ಲೆಕ್ಕದಲ್ಲಿ ಎಂಟು ಪಾಯಿಂಟು, ಮಧ್ಯಾಹ್ನದ ಊಟಕ್ಕೆ ಮುಂಚೆ ಮುಗಿಯಬೇಕು.

ಮೊದಲು ರಂಗನಾಥ. ಕಾವೇರಿಯ ಮೇಲಿನ ಮೂರು ರಂಗಗಳಲ್ಲಿ ಇವನು ಆದಿರಂಗ. ಶಿವನಸಮುದ್ರದವನು ಮಧ್ಯರಂಗ, ತಮಿಳುನಾಡಿನ ಶ್ರೀರಂಗದವನು ಅಂತ್ಯರಂಗ. ಗಂಗರ ಸಾಮಂತನೊಬ್ಬ ಕಟ್ಟಿದ್ದನ್ನು ಹೊಯ್ಸಳರು, ವಿಜಯನಗರದವರು, ಒಡೆಯರು ಬೆಳೆಸುತ್ತ ಹೋದರು. ಟಿಪ್ಪು ಕೊಟ್ಟ ಬೆಳ್ಳಿಯ ಪಾತ್ರೆಗಳೂ ಈ ಗುಡಿಗೆ ಸೇರಿವೆ. ಗುಡಿಯ ಮುಂದೆಯೇ ಅವನ ಲಾಲ್ ಮಹಲ್ ಅರಮನೆ ಇತ್ತು. ಈಗ ತಳಪಾಯ ಉಳಿದಿದೆ. ಒಳಗೆ ಆದಿಶೇಷನ ಮೇಲೆ ಸ್ವಾಮಿ ಆರಾಮವಾಗಿ ಮಲಗಿದ್ದಾನೆ. 1799ರ ಮೇ 4ರಂದು ಕೋಟೆಯ ಗೋಡೆ ಒಡೆದು ಫಿರಂಗಿಯವರು ನುಗ್ಗಿದ್ದು ಇಲ್ಲಿಂದ ಕೂಗಳತೆಯಲ್ಲಿ. ಆಗಲೂ ಹೀಗೇ ಮಲಗಿದ್ದ. “ಇಷ್ಟ್ ಗದ್ದಲದಾಗೂ ನಿದ್ದಿ ಬರತೈತಲ್ರೀ ಇವಗ” ಎಂದು ಹೆಂಡತಿ ಕೈಮುಗಿದಳು. ಅವಳ ದನಿಯಲ್ಲಿ ಭಕ್ತಿಯ ಜೊತೆಗೆ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು. ನಮ್ಮ ಓಣಿಯ ನಾಯಿಗಳು ಅವಳಿಗೆ ರಾತ್ರಿ ನಿದ್ದೆ ಕೊಡುವುದಿಲ್ಲ.

ಮಸೀದಿಯ ಜೋಡಿ ಮಿನಾರುಗಳನ್ನು ಹೊರಗಿನಿಂದ ನೋಡಿದೆವು. ಮೈತುಂಬ ಪಾರಿವಾಳಗಳಿಗೆ ಗೂಡು ಬಿಟ್ಟು ಕಟ್ಟಿದ್ದಾರೆ. ಗುಂಬಜ್‌ನ ಕರಿಕಲ್ಲಿನ ಕಂಬಗಳಲ್ಲಿ ನಮ್ಮ ಮುಖ ಕಂಡಿತು. ತಂದೆ ತಾಯಿಗೆಂದು ಟಿಪ್ಪು ಕಟ್ಟಿಸಿದ ಗೋರಿಯಲ್ಲಿ ಕೊನೆಗೆ ತಾನೂ ಮಲಗಿದ. ದಂತದ ಕೆತ್ತನೆಯ ಬಾಗಿಲು ಆಮೇಲೆ ಗವರ್ನರ್ ಜನರಲ್ ಡಾಲ್‌ಹೌಸಿ ಮಾಡಿಸಿಕೊಟ್ಟದ್ದು. ಹತ್ತಾರು ಸಂಸ್ಥಾನ ನುಂಗಿದವನಿಗೆ ಬಾಗಿಲು ಮಾಡಿಸುವ ವ್ಯವಧಾನವೂ ಇತ್ತು.

ದರಿಯಾ ದೌಲತ್‌ನಲ್ಲಿ ಮಾತ್ರ ಆಟೋದವನ ಹಾರ್ನಿಗೆ ನಾವು ಬಗ್ಗಲಿಲ್ಲ. 1784ರ ತೇಗದ ಮಹಲು. ಬಿಸಿಲು ತಾಗದಂತೆ ಸುತ್ತ ಪರದೆ ಇಳಿಬಿಟ್ಟಿದ್ದಾರೆ. ಪಡುವಣ ಗೋಡೆಯ ಉದ್ದಕ್ಕೂ 1780ರ ಪೊಳ್ಳಿಲೂರು ಕಾಳಗದ ಚಿತ್ರ. ಒಂದು ಅಂಗೈ ಜಾಗವೂ ಖಾಲಿ ಇಲ್ಲ, ಕುದುರೆಯ ಮೇಲೆ ಕುದುರೆ, ಮೀಸೆಯ ಪಕ್ಕ ಮೀಸೆ. ನಡುವೆ ಚೌಕಾಕಾರವಾಗಿ ನಿಂತ ಇಂಗ್ಲಿಷ್ ಪಡೆ, ಅದರ ನಡುವೆ ಪಲ್ಲಕ್ಕಿಯಲ್ಲಿ ಕರ್ನಲ್ ಬೈಲಿ ಬೆರಳು ಕಚ್ಚಿಕೊಂಡು ಕೂತಿದ್ದಾನೆ. ಟಿಪ್ಪು ಕುದುರೆಯ ಮೇಲೆ ಗುಲಾಬಿ ಮೂಸುತ್ತಿದ್ದಾನೆ. ಹೊತ್ತು ಮೀರಿ ಬಂದ ನಿಜಾಮನ ಪಕ್ಕದಲ್ಲಿ ಚಿತ್ರಗಾರ ಒಂದು ಹಸು, ಒಂದು ಹಂದಿ ಬರೆದು ಸೇಡು ತೀರಿಸಿಕೊಂಡಿದ್ದಾನೆ. ಹೆಂಡತಿ ಬೈಲಿಯನ್ನು ಬಹಳ ಹೊತ್ತು ನೋಡಿದಳು. “ಪಾಪ, ಬ್ಯಾಂಕಿನಾಗ ಪಾಸ್‌ಬುಕ್ ಮರತ್ ಬಂದಾಗ ನೀವ್ ಕೂಡೋ ಹಂಗ ಕುಂತಾನ” ಎಂದಳು.

ಈ ಚಿತ್ರದ ಮುಂದಿನ ಕಥೆ ಚಿತ್ರಕ್ಕಿಂತ ಸ್ವಾರಸ್ಯದ್ದು. ಕೋಟೆ ಬಿದ್ದ ಮೇಲೆ ಈ ಮಹಲಿನಲ್ಲಿ ವಾಸಕ್ಕೆ ಬಂದವನು ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಅದೇ ಮನುಷ್ಯ. ತಮ್ಮವರ ಸೋಲಿನ ಚಿತ್ರ ಮಾಸಿಹೋಗಿದ್ದನ್ನು ಕಂಡು ಅಳಿಸಿಹಾಕದೆ ಹೊಸದಾಗಿ ಬರೆಸಿದ. ಐವತ್ತು ವರ್ಷದ ಮೇಲೆ ಡಾಲ್‌ಹೌಸಿ ಮತ್ತೊಮ್ಮೆ ಬರೆಸಿದ. ಬೈಲಿ 1782ರಲ್ಲೇ ಇದೇ ಊರಿನ ಸೆರೆಯಲ್ಲಿ ಸತ್ತಿದ್ದ. ಗೋಡೆಯ ಮೇಲೆ ಮಾತ್ರ ಅವನ ಕಡೆಯವರು ಎರಡೆರಡು ಸಲ ಹೊಸ ಬಣ್ಣ ಹಚ್ಚಿ ಬೆರಳು ಕಚ್ಚಿಸುತ್ತಲೇ ಇಟ್ಟರು.

“ನಮ್ಮ ಧಾರವಾಡದ್ದು ಇದರಾಗ ಎಲ್ಲೈತ್ರಿ?” ಎಂದು ಹೆಂಡತಿ ಕೇಳಿದಳು. ಇಲ್ಲ. ಇರುವುದಕ್ಕೆ ಕಾರಣವೂ ಇಲ್ಲ. ಟಿಪ್ಪುವಿನ ಕೈಯಲ್ಲಿದ್ದ ಧಾರವಾಡದ ಕೋಟೆಗೆ ಪರಶುರಾಮಭಾವು ಮರಾಠರ ದಂಡು ಕಟ್ಟಿಕೊಂಡು ಬಂದು ತಿಂಗಳುಗಟ್ಟಲೆ ಮುತ್ತಿಗೆ ಹಾಕಿದ್ದ. ಜೊತೆಗೆ ಇಂಗ್ಲಿಷರ ಒಂದು ತುಕಡಿಯೂ ಇತ್ತು. 1791ರಲ್ಲಿ ಕೋಟೆ ಕೈಬಿಟ್ಟಿತು. ಸೋತದ್ದನ್ನು ಗೋಡೆಗೆ ಬರೆಸುವ ಔದಾರ್ಯ ಟಿಪ್ಪುವಿಗೂ ಇರಲಿಲ್ಲ, ಯಾರಿಗೂ ಇರುವುದಿಲ್ಲ. ಆ ಮರಾಠರ ದಂಡು ಮುಂದೆ ಇದೇ ನದಿಯ ದಂಡೆಗೂ ಬಂದು ಬಿಡಾರ ಹೂಡಿತ್ತು ಎಂಬುದನ್ನು ನಾನು ಆಟೋದವನಿಗೆ ಹೇಳಲು ಹೋಗಲಿಲ್ಲ. ಇನ್ನೂ ಪಾಯಿಂಟುಗಳು ಬಾಕಿ ಇದ್ದವು.

ಗಂಜಾಮಿನಲ್ಲಿ ಅಬ್ಬೆ ದುಬೋಯಿಯ ಚರ್ಚು. ಫ್ರಾನ್ಸಿನಿಂದ ಬಂದ ಪಾದ್ರಿ, ಪಂಚೆ ಉಟ್ಟು ಪೇಟ ಸುತ್ತಿ ಜನರ ಬಾಯಲ್ಲಿ ದೊಡ್ಡಸ್ವಾಮಿಯಾದ. ನಮ್ಮ ರೀತಿ ರಿವಾಜುಗಳ ಬಗ್ಗೆ ದಪ್ಪ ಪುಸ್ತಕ ಬರೆದ. 1823ರಲ್ಲಿ ಊರಿಗೆ ಮರಳಿದ. ಪುಸ್ತಕದ ಬಗ್ಗೆ ತಕರಾರು ಬೇಕಾದಷ್ಟಿವೆ, ನನಗೂ ಇವೆ. ಆದರೆ ಮನುಷ್ಯ ಸಿಡುಬಿನ ಲಸಿಕೆ ಇಂಗ್ಲೆಂಡಿನಲ್ಲಿ ಹುಟ್ಟಿ ಹತ್ತು ವರ್ಷವೂ ತುಂಬುವ ಮೊದಲು, 1803–04ರಲ್ಲೇ, ಮೈಸೂರು ಸೀಮೆಯಲ್ಲಿ 25,000ಕ್ಕೂ ಹೆಚ್ಚು ಮಂದಿಗೆ ಅದನ್ನು ಹಾಕಿಸಿದ. ಇದನ್ನು ಹೇಳಿದ ಕೂಡಲೇ ಹೆಂಡತಿ ಕುಪ್ಪಸದ ತೋಳು ಮೇಲೆ ಸರಿಸಿ ತನ್ನ ರಟ್ಟೆಯನ್ನು ನೋಡಿಕೊಂಡಳು. ನಾಲ್ಕಾಣೆಯಗಲದ ಹೊಳೆಯುವ ಕಲೆ, ನಡುವೆ ಸುಕ್ಕು. ನನಗೂ ಇದೆ. ನಮ್ಮ ವಯಸ್ಸಿನವರಿಗೆಲ್ಲ ಇದೆ. ನಮ್ಮ ಮಕ್ಕಳಿಗಿಲ್ಲ. ರೋಗವೇ ಹೋದ ಮೇಲೆ ಚುಚ್ಚುವುದನ್ನು ನಿಲ್ಲಿಸಿದರು. “ನಮ್ಮ ಜೋಡಿನ ಇದೂ ಮುಗೀತು ಅನ್ರಿ” ಎಂದು ತೋಳು ಸರಿಮಾಡಿಕೊಂಡಳು.

ಪಕ್ಕದಲ್ಲೇ ನಿಮಿಷಾಂಬ. ಹರಕೆ ಹೊತ್ತರೆ ನಿಮಿಷದಲ್ಲಿ ನೆರವೇರಿಸುವ ದೇವಿ ಎಂದು ಪ್ರತೀತಿ. ಸರತಿ ಹೊಳೆಯ ಮೆಟ್ಟಿಲ ತನಕ ಇತ್ತು. ಗೋಪನಕೊಪ್ಪದಲ್ಲಿ ನಮಗೆ ನಳದ ನೀರು ಬರುವುದು ಎಂಟು ದಿನಕ್ಕೊಮ್ಮೆ, ಕೆಲವೊಮ್ಮೆ ಹತ್ತಕ್ಕೆ. ಎಡಕ್ಕೂ ಬಲಕ್ಕೂ ಕಾವೇರಿ ಹರಿಯುವ ಊರಿನಲ್ಲಿ ಸರತಿಯಲ್ಲಿ ನಿಂತ ಹೆಂಗಸಿಗೆ ಬೇರೆ ಯಾವ ವರ ನೆನಪಾದೀತು? ದೇವಿಯ ಮುಂದೆ ಕಣ್ಣುಮುಚ್ಚಿ ಕೈಮುಗಿದಳು. ಹೊರಗೆ ಬಂದು ಕುಂಕುಮ ಹಚ್ಚಿಕೊಳ್ಳುತ್ತಿದ್ದಂತೆ ಫೋನು. ಮಗ್ಗುಲ ಮನೆಯ ಹುಡುಗಿ. “ಕಾಕೂ, ನಳಾ ಬಂದಾವ್ರೀ! ನಿಮ್ಮ ಗೇಟಿಗೆ ಕೀಲಿ ಹಾಕೈತಿ, ಟಾಕಿ ಯಾರ್ ತುಂಬ್ಸಾವ್ರು?” ಹೆಂಡತಿ ಗರ್ಭಗುಡಿಯ ಕಡೆಗೊಮ್ಮೆ, ನನ್ನ ಕಿಸೆಯಲ್ಲಿದ್ದ ಕೀಲಿಯ ಕಡೆಗೊಮ್ಮೆ ನೋಡಿದಳು. ದೇವಿಯ ಕಡೆಯಿಂದ ಒಂದು ಸೆಕೆಂಡೂ ತಡವಾಗಿರಲಿಲ್ಲ.

ಆ ಬೇಸರದಲ್ಲೇ ಗ್ಯಾರಿಸನ್ ಸ್ಮಶಾನಕ್ಕೆ ಹೋದೆವು. ಹೆದ್ದಾರಿಯ ಬದಿಯಲ್ಲೇ ಇದ್ದರೂ ಬಸ್ಸಿನವರಿಗೆ ಕಾಣುವುದಿಲ್ಲ. ಮುನ್ನೂರರಷ್ಟು ಗೋರಿಗಳು. ಯುದ್ಧದಲ್ಲಿ ಸತ್ತವರಿಗಿಂತ ಜ್ವರದಲ್ಲಿ ಸತ್ತವರೇ ಹೆಚ್ಚು. ಹೆಂಡಂದಿರು, ಎಳೆ ಮಕ್ಕಳು. ಇಲ್ಲಿ ಮಲಗಿದ ಅಧಿಕಾರಿಗಳಲ್ಲಿ ಅನೇಕರು ಇಂಗ್ಲಿಷರೇ ಅಲ್ಲ, ಸ್ವಿಟ್ಜರ್ಲೆಂಡಿನ ಡಿ ಮ್ಯೂರಾನ್ ರೆಜಿಮೆಂಟಿನವರು. ಸಿಲೋನಿನಲ್ಲಿ ಡಚ್ಚರ ಸಂಬಳ ತಿನ್ನುತ್ತಿದ್ದ ಪಡೆ, 1795ರಲ್ಲಿ ಇಂಗ್ಲಿಷರ ಸಂಬಳಕ್ಕೆ ಬಂತು, ಅಲ್ಲಿಂದ ಇಲ್ಲಿಗೆ. ಆ ಚೀನೀ ದ್ವೀಪದ ಪರದೇಶದವರ ಓಣಿಗಳಲ್ಲಿ ಪೊಲೀಸರಾಗಿ ನಿಂತವರು ನಮ್ಮ ಪಂಜಾಬಿನ ಸಿಖ್ಖರು. ಆಲ್ಪ್ಸ್ ಬೆಟ್ಟದವನು ಕಾವೇರಿಯಲ್ಲಿ ಕಾವಲು, ಅಮೃತಸರದ ಕಡೆಯವನು ಚೀನಾದ ಸಮುದ್ರದಲ್ಲಿ. ವರ್ಗಾವಣೆಯ ಆದೇಶ ಬರೆಯುವವರಿಗೆ ನಕಾಶೆ ತೋರಿಸುವವರು ಆಗಲೂ ಇರಲಿಲ್ಲ. ಸ್ಮಶಾನ ಹಾಳುಬಿದ್ದಾಗ ದುರಸ್ತಿಗೆ ಮುಂದಾದವರು ಆ ಡಿ ಮ್ಯೂರಾನ್ ಮನೆತನದವರೇ. ಇನ್ನೂರು ವರ್ಷದ ಮೇಲೆ ತಮ್ಮ ಕಡೆಯ ಸಿಪಾಯಿಗಳನ್ನು ನೆನೆದು ಸ್ವಿಟ್ಜರ್ಲೆಂಡಿನಿಂದ ಬಂದಿದ್ದರು.

“ಆಯ್ತು ಸಾ, ಎಂಟೂ ಆಯ್ತು” ಎಂದ ಆಟೋದವನು.

“ಇನ್ನೊಂದೈತಿ” ಎಂದೆ. “ಮದ್ದಿನ ಮನೆ.”

“ಅದಾ? ಎತ್ತಿ ಬೇರೆ ಕಡೆ ಮಡಗಿದ್ರಲ್ಲ, ಅದು? ಅಲ್ಲಿಗೆ ಯಾರೂ ಹೋಗಕಿಲ್ಲ ಸಾ. ಏನೂ ಇಲ್ಲ ಅಲ್ಲಿ.”

ನನ್ನ ಮಟ್ಟಿಗೆ ಇದ್ದದ್ದೆಲ್ಲ ಅಲ್ಲೇ. 1880ರ ದಶಕದಲ್ಲಿ ಮೈಸೂರಿಗೆ ರೈಲು ಹಾಕಿದಾಗ ಕೋಟೆ ಅಡ್ಡ ಬಂತು, ಒಡೆದು ದಾರಿ ಮಾಡಿಕೊಂಡರು. ಆಗ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ನಮ್ಮ ಕಾಲದಲ್ಲಿ ಜೋಡಿ ಹಳಿ ಹಾಕಬೇಕಾದಾಗ ಅಡ್ಡ ಬಂದದ್ದು ಟಿಪ್ಪುವಿನ ಕಾಲದ ಒಂದು ಶಸ್ತ್ರಾಗಾರ. ಒಡೆಯುವ ಹಾಗಿಲ್ಲ, ಬಿಟ್ಟರೆ ಹಳಿಗೆ ಜಾಗವಿಲ್ಲ. ನೈರುತ್ಯ ರೈಲ್ವೆಯ ಪ್ರಧಾನ ಕಚೇರಿ ಹುಬ್ಬಳ್ಳಿಯ ಗದಗ ರಸ್ತೆಯಲ್ಲಿದೆ, ನಮ್ಮ ಮನೆಯಿಂದ ಸೈಕಲ್ ದಾರಿ. ಅಲ್ಲಿ ಲೆಕ್ಕಪತ್ರದ ಮೂಲೆಯೊಂದರಲ್ಲಿ ನನ್ನ ಮೇಜು. ದೊಡ್ಡ ಕಡತದ ಒಂದು ಸಣ್ಣ ಮರಿ ಆ ಮೇಜಿನ ಮೇಲೂ ಮಲಗಿ ಎದ್ದು ಹೋಗಿತ್ತು. ನಾನು ಮಾಡಿದ್ದು ಒಂದು ಮೊತ್ತವನ್ನು ಇನ್ನೊಂದರ ಜೊತೆ ತಾಳೆ ನೋಡಿ ಸಣ್ಣ ಸಹಿ ಹಾಕಿದ್ದು. ಕಟ್ಟಡವನ್ನು ಇಡಿಯಾಗಿ ಎತ್ತಿ ಪಕ್ಕಕ್ಕಿಡುತ್ತಾರಂತೆ ಎಂದಾಗ ಇಡೀ ಸೆಕ್ಷನ್ನು ಚಹಾ ಕುಡಿಯುವುದನ್ನು ನಿಲ್ಲಿಸಿತ್ತು.

ಎತ್ತಿದರು. ಅಮೆರಿಕದ ಒಂದು ಕಂಪನಿ, ದೆಹಲಿಯ ಒಂದು ಕಂಪನಿ ಸೇರಿ ಅಡಿಪಾಯದ ಸುತ್ತ ಅಗೆದು, ಕೆಳಗೆ ಉಕ್ಕಿನ ತೊಲೆಗಳನ್ನು ತೂರಿಸಿ, ಹೈಡ್ರಾಲಿಕ್ ಜಾಕುಗಳಿಂದ ಮೇಲೆತ್ತಿದರು. ಸುಮಾರು 1000 ಟನ್ ತೂಕದ ಇಟ್ಟಿಗೆ ಗಾರೆಯ ಕಟ್ಟಡ ಇಂಚಿಂಚು ಜರುಗುತ್ತ 2017ರ ಮಾರ್ಚಿನಲ್ಲಿ ನೂರು ಮೀಟರಿಗೂ ಆಚೆ ಹೋಗಿ ಕೂತಿತು. ಗುಲಾಂಗ್ಯುಗೆ ಬಿರುದು ಬಂದ ವರ್ಷವೂ ಅದೇ. ಒಂದು ದ್ವೀಪ ಪಟ್ಟಿ ಸೇರಿದ ವರ್ಷ ಇನ್ನೊಂದು ದ್ವೀಪದ ಒಂದು ಮನೆ ರೈಲಿಗೆ ದಾರಿ ಬಿಟ್ಟಿತು.

ಹತ್ತಿರ ಹೋಗಿ ನಿಂತೆವು. ದಪ್ಪ ಗೋಡೆ, ಕುಳ್ಳಗಿನ ಮೈ. ತೆಳ್ಳನೆಯ ಹಳೆಯ ಇಟ್ಟಿಗೆ, ನಡುವೆ ಬೆರಳಗಲದ ಗಾರೆ. ಅಷ್ಟು ದೂರ ಸಾಗಿ ಬಂದದ್ದಕ್ಕೆ ಮುಖದಲ್ಲಿ ಒಂದು ಸುಸ್ತೂ ಇಲ್ಲ. ಹೆಂಡತಿ ಒಂದು ಸುತ್ತು ಹಾಕಿ ಬಂದು ಕೇಳಿದಳು, “ಇದಕ್ಕ ನೀವು ಸಹಿ ಹಾಕಿದ್ರೇನು?”

“ಇದರ ಒಂದು ಬಿಲ್ಲಿಗೆ.”

“ಮೂವತ್ತು ವರ್ಷ ಆಫೀಸಿಗೆ ಹೋಗಿ ಏನ್ ಮಾಡ್ತಾರ ಅಂತ ಗೊತ್ತಾಗ್ತಿದ್ದಿಲ್ಲ. ಇವತ್ತು ನೋಡ್ದಂಗಾತು.” ಹಾಗಂದು ಮೊಬೈಲು ತೆಗೆದು ನನ್ನನ್ನು ಅದರ ಮುಂದೆ ನಿಲ್ಲಿಸಿ ಫೋಟೋ ಹೊಡೆದಳು. ಅದೇ ಹೊತ್ತಿಗೆ ಜೋಡಿ ಹಳಿಯ ಮೇಲೆ ಬೆಂಗಳೂರಿನ ಕಡೆಯ ಗಾಡಿಯೊಂದು ಕೋಟೆಯೊಳಗಿಂದ ಸದ್ದು ಮಾಡುತ್ತ ಹೋಯಿತು. ಕಿಟಕಿಯಲ್ಲಿ ಯಾವನೋ ಒಬ್ಬ ನಮ್ಮನ್ನು ನೋಡುತ್ತ ಬಾಳೆಹಣ್ಣು ತಿನ್ನುತ್ತಿದ್ದ.

ಫೋಟೋವನ್ನು ಅಣ್ಣನ ಮಗನಿಗೆ ಕಳಿಸಿದೆ. “ಕಾಕಾ, ಇದು ಯಾವ ಗೋಡೌನು?” ಎಂದು ಬರೆದ. ಕಲ್ಲಿನ ವ್ಯಾಪಾರದವನಿಗೆ ಇಟ್ಟಿಗೆಯ ಬೆಲೆ ತಿಳಿಯುವುದಿಲ್ಲ.

ರೊಟ್ಟಿ ಬಿಚ್ಚಿ ಆಟೋದವನಿಗೂ ಕೊಟ್ಟೆವು. ಮುರಿದು ತಿನ್ನುತ್ತ, “ಹಪ್ಪಳ ಚೆಂದಾಗದೆ ಅಮ್ಮ” ಎಂದ. ಹೆಂಡತಿ ತಿದ್ದಲಿಲ್ಲ. ಅವನ ಹೆಂಡತಿಗೆಂದು ಇನ್ನೆರಡು ಕಟ್ಟಿಕೊಟ್ಟಳು.

ಉತ್ತರ ಕರ್ನಾಟಕದಿಂದ ಮೈಸೂರಿಗೆ ಹೋಗುವವರಿಗೆ ನನ್ನದೊಂದು ವಿನಂತಿ. ಅರಮನೆ, ಚಾಮುಂಡಿ ಬೆಟ್ಟ, ಬೃಂದಾವನ ಎಂದು ಮುಗಿಸಿಬಿಡಬೇಡಿ. ಒಂದು ಇಡೀ ದಿನ ಈ ನಡುಗಡ್ಡೆಗೆ ಕೊಡಿ. ಆಟೋದವನಿಗೆ ಎಂಟಲ್ಲ, ಒಂಬತ್ತು ಪಾಯಿಂಟ್ ಎಂದು ಮೊದಲೇ ಹೇಳಿ ಬಾಡಿಗೆ ಮಾತಾಡಿಕೊಳ್ಳಿ. ದರಿಯಾ ದೌಲತ್‌ನಲ್ಲಿ ಬೆರಳು ಕಚ್ಚಿದವನನ್ನು ತಪ್ಪದೆ ಹುಡುಕಿ. ನಿಮಿಷಾಂಬೆಯ ಹತ್ತಿರ ನೀರು ಕೇಳುವುದಿದ್ದರೆ, ಮನೆಯ ಕೀಲಿಯನ್ನು ಮಗ್ಗುಲ ಮನೆಯವರ ಕೈಗೆ ಕೊಟ್ಟು ಹೊರಡಿ.